ಯಾವ ಕವಲೆಂದು ಕಾಣದು

ಬಂಟ್ವಾಳದ ಗಂಡಿನ ಕಡೆಯವರಿಗೆ ಆವತ್ತು ಮಧ್ಯಾಹ್ನದೊಳಗೆ ಉತ್ತರ ಹೇಳಬೇಕಿತ್ತು. ಶುಭಕಾರ್ಯಕ್ಕೆ ಆಗದ ಆಟಿ ತಿಂಗಳಿಗೆ ಮೊದಲು ಮದುವೆ ಆಗಬೇಕು, ಓದು ಇನ್ನು ಸಾಕು ಎಂಬುದು ಅವರ ಮಾತು. ಹುಡುಗಿ ವಿಸ್ಮಿತಾ ಎಲ್ಲವನ್ನೂ ಅಜ್ಜಿ ಪೂವಮ್ಮನಿಗೆ ಬಿಟ್ಟಿದ್ದಳು. ಬಳಿ, ಅಂದರೆ ವಂಶದ ಹೆಸರು, ತಾಯಿಯಿಂದ ಮಗಳಿಗೆ ಇಳಿದು ಬರುವ ಕುಟುಂಬ ಅದು. ಪೂವಮ್ಮನ ತೀರಿಹೋದ ಮಗಳಿಗೆ ಇವಳೊಬ್ಬಳೇ ಹೆಣ್ಣು. ಮೂಡುಬಿದಿರೆಯಲ್ಲಿ ತನ್ನ ತಂಗಿಗೆ ಮಗಳ ಕಡೆಯ ಮೊಮ್ಮಕ್ಕಳಿದ್ದರೂ ಹಿರಿಯವಳ ಕವಲೇ ಕವಲು ಎಂದು ಪೂವಮ್ಮ ನಂಬಿದ್ದರು.

ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಅವರು ಕೇಳಿದರು, “ನೀನು ಓದುದು ಎಂತದು ಮಗಾ? ಒಮ್ಮೆ ನನಗೂ ಹೇಳು.”

ವಿಸ್ಮಿತಾ ಬೀಜಗಳನ್ನು ನೆಲದ ಮೇಲೆ ಕವಲು ಕವಲಾಗಿ ಇಟ್ಟಳು. “ಇದು ಮರ ಅಂತ ಇಟ್ಟುಕೊಳ್ಳಿ. ಒಂದೊಂದು ಕಡೆ ಎರಡೋ ಮೂರೋ ಕವಲು. ಆದರೆ ಮರಕ್ಕೆ ಕೊನೆಯೇ ಇಲ್ಲ. ಹಾಗಿದ್ದರೆ ಬುಡದಿಂದ ಹೊರಟು ಎಲ್ಲಿಯೂ ಕಡಿಯದೆ ಹೋಗುವ ದಾರಿ ಒಂದಾದರೂ ಉಂಟು.”

“ಇಷ್ಟಕ್ಕೆ ಇಷ್ಟು ವರ್ಷ ಬೇಕಾ ಮಾರಾಯ್ತಿ?”

ವಿಸ್ಮಿತಾ ನಕ್ಕಳು. “ಉಂಟು ಅಂತ ಹೇಳಬಹುದು. ಯಾವುದು ಅಂತ ಕವಲಿನಲ್ಲಿ ನಿಂತರೆ ಕಾಣುದಿಲ್ಲ ಅಜ್ಜಿ. ತುಂಬ ದೂರ ಹೋದದ್ದೂ ಆಮೇಲೆ ನಿಂತುಹೋಗಬಹುದು. ಸರಿಯಾದದ್ದನ್ನು ಆರಿಸಬೇಕಾದರೆ ಕೊನೆಯಿಲ್ಲದ್ದನ್ನು ಇಡೀ ನೋಡಿದ ಹಾಗಿರಬೇಕು. ಗಣಿತದಲ್ಲಿ ಇಂಥ ಮಾತನ್ನು ಸಾಧಿಸಲಿಕ್ಕೆ ಮೊದಲೇ ಎಷ್ಟು ನಂಬಿಕೊಳ್ಳಬೇಕು ಅಂತ ತೂಗಿ ನೋಡುದೇ ನನ್ನ ಕೆಲಸ.”

ಪೂವಮ್ಮನ ಕೈ ನಿಂತಿತು. ಅವರ ಅಜ್ಜಿಯ ಅಕ್ಕನಿಗೆ ಮನೆ ತುಂಬ ಹೆಣ್ಣುಮಕ್ಕಳು. ಬಳಿ ಮುಂದುವರಿಯುವುದು ಅವಳಲ್ಲೇ ಎಂದು ಹಿರಿಯರು ಮನೆಯನ್ನೇ ಅವಳ ಕಡೆಗೆ ಬಿಟ್ಟಿದ್ದರು. ಈಗ ಆ ಕಡೆಯಲ್ಲಿ ಒಂದು ಹೆಣ್ಣೂ ಉಳಿದಿಲ್ಲ. ಯಾರೂ ಲೆಕ್ಕಕ್ಕೆ ಹಿಡಿಯದ ಅವಳ ತಂಗಿ, ಅಂದರೆ ಆ ಅಜ್ಜಿ, ಮುಂಡಾಜೆಯಲ್ಲಿ ಒಂದೇ ಹೆಣ್ಣು ಹೆತ್ತಳು. ಆ ಹೆಣ್ಣಿನ ಮಗಳೇ ಪೂವಮ್ಮ.

ಅಷ್ಟರಲ್ಲಿ ತಮ್ಮ ಮುಂಡಪ್ಪ ಅಂಗಳ ದಾಟಿ ಬಂದರು. “ಅಕ್ಕ, ಎಂತ ಹೇಳುದು ಅವರಿಗೆ? ಫೋನಿನ ಮೇಲೆ ಫೋನು.”

“ಇವಳು ಓದ್ತಾಳೆ ಅಂತ ಹೇಳು.”

“ಮತ್ತೆ ಬಳಿ? ಅದನ್ನು ನಾನು ಹೆರುದಾ?”

“ನಿನ್ನಿಂದ ಆಗುದಿದ್ದರೆ ಇಷ್ಟೊತ್ತಿಗೆ ಆಗ್ತಿತ್ತು. ತಂಗಿಯ ಕಡೆಯೂ ಮಕ್ಕಳಿದ್ದಾರೆ. ಯಾರಿಂದ ಮುಂದೆ ಹೋಗ್ತದೆ ಅಂತ ಇಲ್ಲಿ ಕೂತು ನಿನಗೂ ಕಾಣುದಿಲ್ಲ, ನನಗೂ ಇಲ್ಲ. ಕಂಡವರ ಹಾಗೆ ಇವಳ ತಲೆಯ ಮೇಲೆ ಹೊರಿಸುದು ಬೇಡ.”

ಮುಂಡಪ್ಪ ಗೊಣಗುತ್ತ ಫೋನು ಹಿಡಿದು ಅಂಗಳಕ್ಕಿಳಿದರು. ವಿಸ್ಮಿತಾ ನೆಲದ ಮೇಲಿನ ಬೀಜಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

“ಎಲ್ಲ ಕಡೆಯೂ ನಿಂತುಹೋದರೆ ಅಜ್ಜಿ?”

ಪೂವಮ್ಮ ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು. “ನಿಂತರೆ ನಿಲ್ಲಲಿ ಮಗಾ. ನೀನು ಬಂದಾಯ್ತಲ್ಲ.”