ಹೋತದ ಕೊಂಬಿನ ಕಿರೀಟ

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಆ ಊರಿನವರು ನಾಟಕ ಆಡುವುದು ಹಗಲು ಹೊತ್ತಿನಲ್ಲಿ. ಬೇರೆ ಕಡೆ ಕಂಬಳಿ ಹೊದ್ದು ಕೂತು ಬೆಳಗಾಗುವವರೆಗೆ ನೋಡುತ್ತಾರಂತೆ, ನೋಡಿಕೊಳ್ಳಲಿ. ಇಲ್ಲಿ ಹೊತ್ತು ಮುಳುಗಿತೆಂದರೆ ಕಾಡಿನಿಂದ ಆನೆ ಇಳಿಯುತ್ತವೆ, ಅವಕ್ಕೆ ಭೀಮನ ಗದೆಯ ಭಯವಿಲ್ಲ. ಹಾಗಾಗಿ ಬೆಳಿಗ್ಗೆ ತಿಂಡಿ ತಿಂದು ಬಣ್ಣ ಬಳಿದುಕೊಂಡರೆ, ದನ ಮನೆಗೆ ಬರುವುದರೊಳಗೆ ಮಂಗಳ ಹಾಡಿಬಿಡಬೇಕು.

ಇನ್ನೊಂದು ಪದ್ಧತಿ ಈ ಸೀಮೆಗೆಲ್ಲ ಸೇರಿದ್ದು. ರಾಜನ ಪಾತ್ರ ಒಂದೇ, ಆಸೆಪಡುವವರು ಊರು ತುಂಬ. ಆದ್ದರಿಂದ ಪಾತ್ರವನ್ನೇ ಹಂಚುತ್ತಾರೆ. ಸಂಧಾನದವರೆಗೆ ಒಂದನೇ ಕೃಷ್ಣ, ಅಲ್ಲಿಂದಾಚೆಗೆ ಎರಡನೇ ಕೃಷ್ಣ. ಕಪ್ಪಗೆ ಕುಳ್ಳಗಿದ್ದವನು ಒಳಗೆ ಹೋಗಿ, ಕೆಂಪಗೆ ಎತ್ತರದವನು ಹೊರಗೆ ಬಂದರೂ ನೋಡುವವರು ತಲೆ ಕೆಡಿಸಿಕೊಳ್ಳುವುದಿಲ್ಲ. ಕಿರೀಟ ಯಾರ ತಲೆಯ ಮೇಲಿದೆಯೋ ಅವನೇ ಕೃಷ್ಣ.

ಮಹದೇವಪ್ಪನಿಗೆ ಈ ಹಂಚಿಕೆಯಲ್ಲೂ ಎಂದೂ ಪಾಲು ಸಿಕ್ಕಿರಲಿಲ್ಲ. ಮಾತು ಮರೆಯುತ್ತಾನೆ ಎಂಬ ಹೆಸರು ಅವನಿಗೆ ಪ್ರಾಯದಲ್ಲೇ ಅಂಟಿತ್ತು. ಪ್ರತಿ ನಾಟಕದಲ್ಲೂ ಅವನು ದ್ವಾರಪಾಲಕ. ಬಾಗಿಲ ಆ ಕಡೆ ಅವನು, ಈ ಕಡೆ ಗುರುಮಲ್ಲಯ್ಯ. ಇಬ್ಬರದೂ ಓರಗೆಯ ವಯಸ್ಸು, ಪಕ್ಕಪಕ್ಕದ ಹೊಲ, ಬೆಳೆ ಕಾಯಲು ಮರದ ಮೇಲೆ ಕಟ್ಟಿಕೊಂಡ ಒಂದೇ ಅಟ್ಟಣೆ. ಒಮ್ಮೆ ಚೆಂಡುಹೂವಿನ ಹೊಲದಲ್ಲಿ ಒಂಟಿ ಸಲಗ ಗುರುಮಲ್ಲಯ್ಯನನ್ನು ಅಟ್ಟಿಸಿಕೊಂಡು ಬಂದು ಅವನು ಎಡವಿ ಬಿದ್ದಾಗ, ಮಹದೇವಪ್ಪ ಕಂಬಳಿ ಬೀಸಿ, ಬಾಯಿ ಹರಿಯುವಂತೆ ಕೂಗಿ, ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓಡಿದ್ದ. ಕಂಬಳಿ ಚಿಂದಿಯಾಯಿತು, ಇಬ್ಬರೂ ಉಳಿದರು. ಆಮೇಲೆ ಇಬ್ಬರಲ್ಲಿ ಯಾರೂ ಅದರ ಮಾತೆತ್ತಲಿಲ್ಲ, ಎತ್ತಬೇಕಾದಂಥ ಸಂಬಂಧವೂ ಅದಲ್ಲ.

ಇಂಥ ಊರಿಗೆ ಗ್ರೀಕರ ದೊರೆಯನ್ನು ಕರೆತಂದವರು ಶಿವರುದ್ರಸ್ವಾಮಿ ಮೇಷ್ಟ್ರು. ಗುಂಡ್ಲುಪೇಟೆ ಕಡೆ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು, ಹಾರ್ಮೋನಿಯಂ ಹಿಡಿದು ಊರಿಗೆ ನಾಟಕ ಕಲಿಸುವವರು. ಕುರುಕ್ಷೇತ್ರ ಆಡಿ ಆಡಿ ಅವರಿಗೂ ಸಾಕಾಗಿತ್ತು. ತಾವೇ ಕೂತು ಹೊಸ ನಾಟಕ ಬರೆದು, ಮಠದ ಜಗುಲಿಯ ಮೇಲೆ ಕಥೆ ಹೇಳಿದರು.

ಎಪಿರಸ್ ಎಂಬ ಬೆಟ್ಟದ ಸೀಮೆ. ಅಲ್ಲಿನ ದೊರೆ ಪಿರ್ರಸ್. ಹಸುಗೂಸಾಗಿದ್ದಾಗಲೇ ಹಗೆಗಳು ಕೊಲ್ಲಲು ಬಂದರು, ನಂಬಿಕಸ್ತ ಆಳುಗಳು ಉಕ್ಕುವ ಹೊಳೆ ದಾಟಿಸಿ ಬದುಕಿಸಿದರು. ದೊರೆಯಾದ, ಸಿಂಹಾಸನ ಕಳೆದುಕೊಂಡ, ಪರದೇಶದಲ್ಲಿ ಒತ್ತೆಯಾಳಾಗಿದ್ದು ಮತ್ತೆ ಗೆದ್ದುಕೊಂಡ. ಅವನ ಶಿರಸ್ತ್ರಾಣಕ್ಕೆ ಹೋತದ ಕೊಂಬು. ಅದನ್ನು ಕಂಡೇ ಶತ್ರುವಿನ ಸೈನಿಕರು ತಮ್ಮ ರಾಜನನ್ನು ಬಿಟ್ಟು ಇವನ ಕಡೆಗೆ ಬಂದರು. ಮುಂದೆ ಅದೇ ಸೈನಿಕರು ಇವನನ್ನೂ ಬಿಟ್ಟು ಹೋದರು. ಕೊನೆಗೆ ಆನೆಗಳನ್ನು ಹಡಗಿಗೆ ಹತ್ತಿಸಿ, ಕಡಲು ದಾಟಿ, ರೋಮನರ ಮೇಲೆ ಬಿದ್ದ.

"ಆನೆನ ಹಡಗ್ಗ ಹತ್ತುಸ್ಬುಟ್ನಾ?" ಮಹದೇವಪ್ಪ ಬಾಯಿ ಬಿಟ್ಟುಕೊಂಡು ಕೇಳಿದ. "ನಾವು ಒಂದ್ ಆನೆನ ಹೊಲ ಬುಟ್ಟು ಓಡ್ಸಕ್ಕ ಆಗ್ದೆ ಸಾಯ್ತಾ ಇದ್ದೀವಿ. ಗಂಡು ಅಂದ್ರ ಅವ್ನು ಕಣ್ಲಾ ಗುರುಮಲ್ಲ!"

ಅವತ್ತೇ ಅವನಿಗೆ ಹುಚ್ಚು ಹಿಡಿಯಿತು. ಮಾರನೆಯ ದಿನ ಬೆಳಿಗ್ಗೆ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತ. ಒಂದೇ ಒಂದು ಸಲ, ಸಾಯುವುದರೊಳಗೆ, ರಾಜನಾಗಿ ನಿಲ್ಲಬೇಕು. ಅದೂ ಅರ್ಧ ರಾಜನಲ್ಲ, ಹುಟ್ಟಿದಲ್ಲಿಂದ ಸಾಯುವವರೆಗೆ ಪೂರ್ತಿ ರಾಜ.

"ನಿಮ್ ಕಾಲು ಹಿಡ್ಕತೀನಿ ಮೇಷ್ಟ್ರೇ, ಇದ್ನ ಹಂಚ್ಬ್ಯಾಡಿ."

ಮೇಷ್ಟ್ರಿಗೆ ಮನಸ್ಸು ಕರಗಿತು. "ಆಯ್ತು ಕಣಪ್ಪ. ಪಿರ್ರಸ್ ಒಬ್ಬನೇ, ಅದು ನೀನೇ. ನನ್ನ ಮಾತು," ಎಂದರು.

ಗುರುಮಲ್ಲಯ್ಯನಿಗೆ ಸಿಕ್ಕಿದ್ದು ಮೆಗಾಕ್ಲಿಸ್ ಎಂಬ ಗೆಳೆಯನ ಪಾತ್ರ. ರೋಮನರ ಜೊತೆ ಮೊದಲ ಯುದ್ಧದಲ್ಲಿ ಶತ್ರುಗಳೆಲ್ಲ ಪಿರ್ರಸ್‌ನ ತಲೆಗೇ ಗುರಿಯಿಟ್ಟಾಗ, ದೊರೆ ತನ್ನ ಶಿರಸ್ತ್ರಾಣವನ್ನೂ ಮೇಲುವಸ್ತ್ರವನ್ನೂ ಈ ಗೆಳೆಯನಿಗೆ ತೊಡಿಸುತ್ತಾನೆ. ರೋಮನರು ಇವನನ್ನೇ ದೊರೆಯೆಂದು ತಿಳಿದು ಕೊಲ್ಲುತ್ತಾರೆ. ದೊರೆ ಸತ್ತನೆಂದು ಸೈನ್ಯ ಓಡಲು ಹೊರಟಾಗ, ಪಿರ್ರಸ್ ಬರಿದಲೆಯಲ್ಲಿ ನುಗ್ಗಿ ಬಂದು "ನೋಡಿ ನನ್ನ ಮುಖ! ನಿಮ್ಮ ದೊರೆ ಬದುಕಿದ್ದಾನೆ!" ಎಂದು ಗುಡುಗುತ್ತಾನೆ. ಆ ಗುಡುಗನ್ನು ಮಹದೇವಪ್ಪ ದನ ಹೊಡೆಯುವಾಗಲೂ ಗುಡುಗುತ್ತಿದ್ದ.

ಕಷ್ಟವಾಗಿದ್ದು ಮಾತು ಬಾಯಿಗೆ ಬರುವುದು. ಅದಕ್ಕೂ ಗುರುಮಲ್ಲಯ್ಯನೇ ದಿಕ್ಕಾದ. ಸಂಜೆ ಸಂಜೆ ಅಟ್ಟಣೆ ಹತ್ತಿ ಕೂತು ಅವನು ಓದುವುದು, ಮಹದೇವಪ್ಪ ಒಪ್ಪಿಸುವುದು. ಮರೆತಲ್ಲಿ ಅವನು ಎತ್ತಿಕೊಡುವನು. ಬೈಯಲಿಲ್ಲ, ಬೇಸರಪಡಲಿಲ್ಲ. ಇಂಥ ಗೆಳೆಯ ಯಾರಿಗುಂಟು ಎಂದು ಮಹದೇವಪ್ಪ ಮನೆಯಲ್ಲಿ ಹೆಂಡತಿ ಚಿಕ್ಕಬಸಮ್ಮನ ಮುಂದೆ ಹೊಗಳಿದ್ದೇ ಹೊಗಳಿದ್ದು.

ಒಂದು ಮಾತು ಮಾತ್ರ ಕಡೆಯವರೆಗೂ ಒಲಿಯಲಿಲ್ಲ. ಎರಡನೆಯ ಯುದ್ಧವನ್ನೂ ಪಿರ್ರಸ್ ಗೆಲ್ಲುತ್ತಾನೆ. ಗೆದ್ದು ಸುತ್ತ ನೋಡಿದರೆ ಜೊತೆಗೆ ಬಂದ ಗೆಳೆಯರೆಲ್ಲ ಹೆಣವಾಗಿದ್ದಾರೆ. ಆಗ ಹೇಳುತ್ತಾನೆ: "ಇಂಥ ಗೆಲುವು ಇನ್ನೊಂದು ಬಂದುದಾದರೆ, ಗೆಳೆಯರೇ, ನಾವು ಉಳಿಯುವವರಲ್ಲ." ಮಹದೇವಪ್ಪ ಈ ಮಾತನ್ನು ಎದೆಯುಬ್ಬಿಸಿ, ಮೀಸೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ತಲೆ ಚಚ್ಚಿಕೊಳ್ಳುತ್ತಿದ್ದರು.

"ಸೋತವನ ಹಾಗೆ ಹೇಳಪ್ಪ!"

"ಗೆದ್ದೋನು ಯಾಕ್ ಮೇಷ್ಟ್ರೇ ಸೋತೋನಂಗ ಯೋಳ್ಬೇಕು?"

ಅದಕ್ಕೆ ಅವರು ಉತ್ತರ ಹೇಳುತ್ತಿದ್ದರು, ಇವನ ತಲೆಗೆ ಹೋಗುತ್ತಿರಲಿಲ್ಲ.

ಉಡುಪು ತಂದದ್ದು ಸಂತೆಮರಹಳ್ಳಿಯಿಂದ. ಗ್ರೀಕರದು ಎಲ್ಲಿ ಸಿಗಬೇಕು? ಪಾಂಡವರ ಬಟ್ಟೆ ಗ್ರೀಕರಿಗೆ, ಕೌರವರ ಬಟ್ಟೆ ರೋಮನರಿಗೆ ಎಂದು ತೀರ್ಮಾನವಾಯಿತು. ಶಿರಸ್ತ್ರಾಣ ಮಾತ್ರ ಮಹದೇವಪ್ಪನ ಸ್ವಂತದ್ದು. ತಗಡಿನ ಟೋಪಿಗೆ ತನ್ನದೇ ಹೋತದ ಕೊಂಬು ಕಟ್ಟಿ, ಎಣ್ಣೆ ತಿಕ್ಕಿ, ಮಿರಮಿರ ಮಿಂಚುವಂತೆ ಮಾಡಿಕೊಂಡಿದ್ದ.

ನಾಟಕದ ದಿನ ಹಳೆ ಸ್ಕೂಲಿನ ಮುಂದೆ ಜನವೋ ಜನ. ಬೊಮ್ಮಲಾಪುರ, ಹಂಗಳದ ಕಡೆಯಿಂದೆಲ್ಲ ಬಂದಿದ್ದರು. ಮಹದೇವಪ್ಪ ರಂಗದ ಮೇಲೆ ಬಂದಾಗ ಶಿಳ್ಳೆ ಬಿತ್ತು. ದೇವರು ದೊಡ್ಡವನು, ಒಂದು ಮಾತೂ ತಪ್ಪಲಿಲ್ಲ. ಸಿಂಹಾಸನ ಕಳೆದುಕೊಂಡ, ಗೆದ್ದುಕೊಂಡ, ರಟ್ಟಿನ ಆನೆಗಳನ್ನು ಹಡಗಿಗೆ ಹತ್ತಿಸಿದ. ಮುಂದಿನ ಸಾಲಿನಲ್ಲಿ ಚಿಕ್ಕಬಸಮ್ಮ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದಳು. ಯುದ್ಧ ಬಂತು. ಅವನು ಶಿರಸ್ತ್ರಾಣ ತೆಗೆದು ಗುರುಮಲ್ಲಯ್ಯನ ತಲೆಗಿಟ್ಟು, ಮೇಲುವಸ್ತ್ರ ಹೊದಿಸಿ, ತಬ್ಬಿಕೊಂಡು ಒಳಗೆ ಹೋದ.

ಪರದೆಯ ಪಕ್ಕ ನಿಂತು ಕಾಯುತ್ತಿದ್ದ. ಗೆಳೆಯನ ಸಾವಿನ ಚೀತ್ಕಾರ ಕೇಳಿದ ಕೂಡಲೇ ನುಗ್ಗಬೇಕು. ಕತ್ತಿಯ ಸದ್ದಾಯಿತು, ರೋಮನರು ಕೂಗಿದರು, ಚೀತ್ಕಾರ ಮಾತ್ರ ಬರಲಿಲ್ಲ. ಅದರ ಬದಲು ಕೇಳಿದ್ದು ಹಾಡು. ಪಿರ್ರಸ್‌ನ ಹಾಡು, ತನ್ನ ಹಾಡು. ಗುರುಮಲ್ಲಯ್ಯ ರೋಮನನನ್ನು ಕೆಡವಿ, ಕೊಂಬಿನ ಕಿರೀಟ ಎತ್ತಿ ಹಿಡಿದು ಹಾಡುತ್ತಿದ್ದ. ಮೇಷ್ಟ್ರ ಹಾರ್ಮೋನಿಯಂ ಒಂದು ಎಳೆ ತಪ್ಪದೆ ಜೊತೆಗೂಡಿತ್ತು.

ಇವನಿಗೆ ಮರೆತುಹೋಯಿತೇನೋ ಸಾಯುವುದು ಎಂದುಕೊಂಡ ಮಹದೇವಪ್ಪ. ಅಷ್ಟು ನಂಬಿಕೆ! ಸರಿಮಾಡೋಣವೆಂದು ಬರಿದಲೆಯಲ್ಲಿ ನುಗ್ಗಿದ.

"ನೋಡಿ ನನ್ನ ಮುಖ! ನಿಮ್ಮ ದೊರೆ ಬದುಕಿದ್ದಾನೆ!"

ಗುರುಮಲ್ಲಯ್ಯ ಅರೆಗಳಿಗೆ ತಬ್ಬಿಬ್ಬಾದ. ಕಣ್ಣು ತಪ್ಪಿಸಿ, ಜನರ ಕಡೆ ತಿರುಗಿ, ಗಟ್ಟಿ ದನಿಯಲ್ಲಿ ಹೇಳಿದ: "ಯಾರಲ್ಲಿ! ತಾನೇ ದೊರೆಯೆನ್ನುವ ಈ ಹುಚ್ಚನನ್ನು ಆಚೆಗೆ ತಳ್ಳಿ!"

ಸೈನಿಕರು ಬಂದು ರಟ್ಟೆ ಹಿಡಿದರು. ಬಲಗಡೆ ಹಿಡಿದವನು ಮಗ ಶಶಿಕುಮಾರ.

"ಬಾ ಅಪ್ಪೋ, ಸುಮ್ನೆ ಬಾ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

ಜನ ಚಪ್ಪಾಳೆ ತಟ್ಟಿದರು. ಎರಡನೇ ಪಿರ್ರಸ್ ಬಂದಾಯಿತು, ಒಂದನೆಯವನದು ಮುಗಿಯಿತು, ಮಧ್ಯೆ ಒಂದು ಹಾಸ್ಯ ಸೇರಿಸಿದ್ದಾರೆ ಎಂದುಕೊಂಡರು. ಚಿಕ್ಕಬಸಮ್ಮನೂ ನಗುತ್ತಿದ್ದಳು, ಪಾಪ, ಅವಳಿಗೇನು ಗೊತ್ತು.

ಪರದೆಯ ಹಿಂದೆ ಮಹದೇವಪ್ಪ ರಟ್ಟೆ ಕೊಡವಿಕೊಂಡ. "ನಿಂಗೂ ಗೊತ್ತಿತ್ತಾ?" ಎಂದ ಮಗನಿಗೆ.

"ಎಲ್ರುಗೂ ಗೊತ್ತಿತ್ತು. ನೀನು ಮುಂದ್ಕ ಮರ್ತು ಕೆಡುಸ್ಬುಡ್ತೀಯ ಅಂತ, ಅರ್ಧದಿಂದಾಚ್ಗ ಆಡಕ್ಕ ಮೇಷ್ಟ್ರು ಮಾವುಂಗ ಯೋಳುದ್ರು. ನಿಂಗ ಮೊದ್ಲೇ ಯೋಳಿದ್ರ ಒಪ್ಕತಿದ್ಯಾ?" ಎಂದು ಶಶಿಕುಮಾರ ರೋಮನರ ಮೇಲೆ ಯುದ್ಧಕ್ಕೆ ಓಡಿದ. ಗುರುಮಲ್ಲಯ್ಯನನ್ನು ಅವನು ಚಿಕ್ಕಂದಿನಿಂದಲೂ ಮಾವ ಎನ್ನುತ್ತಿದ್ದ.

ಮಹದೇವಪ್ಪನಿಗೆ ಆಗ ಎಲ್ಲ ಬಿಡಿಸಿ ಕಂಡಿತು. ಅಟ್ಟಣೆಯ ಮೇಲೆ ಸಂಜೆ ಸಂಜೆ ಓದಿ ಕಲಿಸುತ್ತಿದ್ದವನು ಕಲಿಯುತ್ತಲೂ ಇದ್ದ. ತಾನು ಹೊಗಳಿದ್ದೇ ಆ ತಾಳ್ಮೆಯನ್ನು! ಹೊರಗೆ ಗುರುಮಲ್ಲಯ್ಯ ಆ ಮಾತಿಗೆ ಬಂದ. "ಇಂಥ ಗೆಲುವು ಇನ್ನೊಂದು ಬಂದುದಾದರೆ, ಗೆಳೆಯರೇ..." ಗದ್ದಲವೆಲ್ಲ ಅಡಗಿತು. ಅವನು ಚೆನ್ನಾಗಿ ಹೇಳಿದ. ತನಗಿಂತ ಚೆನ್ನಾಗಿ ಹೇಳಿದ.

ಮೂಲೆಯಲ್ಲಿ ಪುಟ್ಟಮಾದು ಬಿಳಿ ಸೀರೆ ಉಟ್ಟುಕೊಳ್ಳುತ್ತಿದ್ದ. ನಾಟಕದ ಕಡೆಯ ದೃಶ್ಯ ಅವನದು. ಆರ್ಗೋಸ್ ಎಂಬ ಪಟ್ಟಣದ ಬೀದಿಯಲ್ಲಿ ಪಿರ್ರಸ್ ಒಬ್ಬ ಹುಡುಗನನ್ನು ಕೊಲ್ಲಲು ಕತ್ತಿ ಎತ್ತುತ್ತಾನೆ. ಮನೆಯ ಮಾಡಿನ ಮೇಲಿದ್ದ ಆ ಹುಡುಗನ ಮುದುಕಿ ತಾಯಿ ಹೆಂಚು ಕಿತ್ತು ಎಸೆಯುತ್ತಾಳೆ. ರೋಮನರ ಕೈಯಲ್ಲಿ ಸಾಯದವನು ಒಂದು ಹೆಂಚಿಗೆ ಸಾಯುತ್ತಾನೆ. ಪುಟ್ಟಮಾದು ಥರ್ಮಾಕೋಲಿಗೆ ಕೆಂಪು ಬಳಿದು ಹೆಂಚು ಮಾಡಿಕೊಂಡಿದ್ದ.

"ಸೀರ ಕೊಡ್ಲಾ," ಎಂದ ಮಹದೇವಪ್ಪ.

ಪುಟ್ಟಮಾದು ಮುಖ ನೋಡಿ, ತಲೆ ತಗ್ಗಿಸಿ ಬಿಚ್ಚಿಕೊಟ್ಟ. ಅವನಿಗೂ ಗೊತ್ತಿತ್ತು.

ಹಳೆ ಸ್ಕೂಲಿನ ಮಾಡಿನಿಂದ ಇಳಿಸಿದ ಹೆಂಚುಗಳನ್ನು ಗೋಡೆಗೆ ಒರಗಿಸಿ ಪೇರಿಸಿದ್ದರು. ಮಹದೇವಪ್ಪ ಥರ್ಮಾಕೋಲನ್ನು ಅಲ್ಲೇ ಬಿಟ್ಟು, ಆ ರಾಶಿಯಿಂದ ಒಂದನ್ನು ಎತ್ತಿಕೊಂಡು, ರಂಗದ ಪಕ್ಕ ಮನೆಯ ಮಾಡಿನ ಹಾಗೆ ಕಟ್ಟಿದ್ದ ಅಟ್ಟಕ್ಕೆ ಏಣಿ ಹತ್ತಿದ. ಹೆಂಚು ಬಿಸಿಲಿಗೆ ಕಾದಿತ್ತು. ಸೆರಗಿನ ಒಳಗೆ ಅದು ಹೊಟ್ಟೆಗೆ ಒತ್ತುತ್ತಿತ್ತು.

ಕೆಳಗೆ ಗುರುಮಲ್ಲಯ್ಯ ಕತ್ತಿ ಎತ್ತಿ ಹಾಡು ಮುಗಿಸಿದ. ಪುಟ್ಟಮಾದುವನ್ನು ಹುಡುಕಿ ಮುಖ ಮೇಲಕ್ಕೆತ್ತಿದ. ಬಿಳಿ ಸೀರೆಯೊಳಗೆ ಮಹದೇವಪ್ಪನ ಮೀಸೆ, ಕೈಯಲ್ಲಿ ನಿಜವಾದ ಹೆಂಚು. ಗುರುಮಲ್ಲಯ್ಯನ ಬಣ್ಣ ಬಳಿದ ಮುಖವೂ ಬಿಳಿಚಿಕೊಂಡಿತು.

"ಬ್ಯಾಡ ಕಣ್ಲಾ ಮಾದೇವ," ಎಂದ ತುಟಿಯಲ್ಲೇ.

ಎಸೆದರೆ ತಲೆ ಒಡೆಯುತ್ತಿತ್ತು. ಕೊಂಬು ತಡೆಯುತ್ತಿರಲಿಲ್ಲ, ಆ ತಗಡು ಎಷ್ಟು ತೆಳು ಎಂದು ಮಾಡಿದವನಿಗಿಂತ ಯಾರಿಗೆ ಗೊತ್ತು. ಕೈ ಮೇಲಕ್ಕೆ ಹೋಯಿತು. ಸಲಗದ ಮುಂದೆ ಬಿದ್ದು ಹೊರಳಿದ್ದ ಇದೇ ಮುಖ ಕಂಡಿತು. ಮಹದೇವಪ್ಪ ಹೆಂಚನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡು, ಕಾಲು ಇಳಿಬಿಟ್ಟು ಕೂತುಬಿಟ್ಟ.

ಮೇಷ್ಟ್ರು ಹಾರ್ಮೋನಿಯಂನಲ್ಲಿ ಅದೇ ಸಾಲು ಮತ್ತೆ ನುಡಿಸಿದರು. ಗುರುಮಲ್ಲಯ್ಯ ಮತ್ತೆ ಹಾಡಿದ, ಮತ್ತೆ ಕತ್ತಿ ಎತ್ತಿದ, ಮತ್ತೆ ಕಾದ. ಕತ್ತಿಯ ಕೆಳಗಿನ ಹುಡುಗ ನೆಲದ ಮೇಲೆ ಬಿದ್ದು ಬಿದ್ದು ಬೇಸತ್ತು ಎದ್ದು ಕೂತ. ಜನರಲ್ಲಿ ಗುಸುಗುಸು ಶುರುವಾಯಿತು.

"ಅಜ್ಜೀ, ಬೇಗ ಎಸಿಯಮ್ಮಿ! ಆನೆ ಬರೋ ಹೊತ್ತಾಯ್ತು!" ಎಂದು ಯಾರೋ ಕೂಗಿದರು. ನಗೆ ಹರಡಿತು, ಮೊಬೈಲುಗಳು ಮೇಲೆದ್ದವು.

"ಎಸಿಲಾ, ನಿನ್ ಕಾಲ್ಗ ಬೀಳ್ತೀನಿ. ಮೆತ್ತುಗ್ ಎಸಿ," ಎಂದು ಗುರುಮಲ್ಲಯ್ಯ ಕತ್ತಿ ಕೆಳಗಿಳಿಸಿದ.

ಮಹದೇವಪ್ಪ ಸೆರಗು ಜಾರಿಸಿ, ಇಡೀ ಬಯಲಿಗೆ ಕೇಳುವಂತೆ ಹೇಳಿದ: "ಸಾಯ್ಬೇಕಾದಾಗ ಸಾಯ್ನಿಲ್ಲ ನೀನು! ಈಗ್ಲೂ ಸಾಯ್ಬ್ಯಾಡ ಬುಡು! ಬದುಕ್ಕೋ ಓಗು!"

ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಸಾಯಲಾರದ ದೊರೆ ಕೊಂಬು ಹೊತ್ತು ನಡುರಂಗದಲ್ಲಿ ನಿಂತೇ ಇದ್ದ, ಪರದೆ ಬೀಳುವವರೆಗೆ.

ಏಣಿ ಇಳಿದಾಗ ಗುರುಮಲ್ಲಯ್ಯ ಎದುರಿಗೆ ಬಂದ. ಬಣ್ಣ ಕಣ್ಣೀರಿಗೆ ಕಲಸಿಹೋಗಿತ್ತು. ಶಿರಸ್ತ್ರಾಣವನ್ನು ಮಹದೇವಪ್ಪನ ಕಾಲ ಬಳಿ ಇಟ್ಟ.

"ತಕ್ಕೋ ನಿನ್ ಕೊಂಬ. ಮೇಷ್ಟ್ರು ಕೇಳುದ್ರು, ನಾನು ಒಲ್ಲೆ ಅನ್ನಕ್ಕಾಗ್ನಿಲ್ಲ. ಬಾಗ್ಲು ಕಾಯೋನು ನೀನೊಬ್ನೇ ಆಗಿದ್ಯಾ? ನಂಗೂ ಆಸೆ ಇರ್ಬಾರ್ದಾ?"

"ಕೇಳಿದ್ರ ಅರ್ಧ ಅಲ್ಲ ಕಣ್ಲಾ, ಪೂರ್ತಿ ಕೊಟ್ಬುಡ್ತಿದ್ದೆ," ಎಂದ ಮಹದೇವಪ್ಪ.

ಅದು ನಿಜವೋ ಸುಳ್ಳೋ ಅವನಿಗೇ ತಿಳಿಯಲಿಲ್ಲ. ಕೊಡುತ್ತಿರಲಿಲ್ಲವೇನೋ. ಗುರುಮಲ್ಲಯ್ಯ ಬಣ್ಣವನ್ನೂ ತೊಳೆಯದೆ ಹೊರಟುಹೋದ.

ಆ ವಾರವೆಲ್ಲ ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಮೊಬೈಲು ಮೊಬೈಲಿನಲ್ಲಿ ಗುರುಮಲ್ಲಯ್ಯನೇ. ಸಂತೆಯಲ್ಲಿ "ಬದುಕ್ಕೋ ಓಗು" ಎಂದು ಕೂಗಿ ನಗುತ್ತಿದ್ದರು. ಮಹದೇವಪ್ಪನ ಬೆನ್ನು ತಟ್ಟಿದವರೂ ಇದ್ದರು, ಸರಿಯಾಗಿ ಮಾಡ್ದೆ ಎಂದರು. ಮೇಷ್ಟ್ರು ಹಾರ್ಮೋನಿಯಂ ಅನ್ನು ಅಟ್ಟಕ್ಕೆ ಹಾಕಿದರು. ಶಶಿಕುಮಾರ ಅಪ್ಪನ ಎದುರು ಕೂತು ಉಣ್ಣುವುದನ್ನು ಬಿಟ್ಟ. ಗುರುಮಲ್ಲಯ್ಯ ತನ್ನ ಹೊಲದ ಆಚೆ ಮೂಲೆಯಲ್ಲಿ ಬೇರೆ ಅಟ್ಟಣೆ ಕಟ್ಟಿಕೊಂಡ.

ಒಂದು ಸಂಜೆ ಮಹದೇವಪ್ಪ ಹಳೆ ಅಟ್ಟಣೆಯ ಮೇಲೆ ಶಿರಸ್ತ್ರಾಣ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಬೆಟ್ಟದ ಮೇಲಿನ ಮಂಜು ಇಳಿಯುತ್ತಿತ್ತು. ದೂರದ ಮರದಲ್ಲಿ ಬೀಡಿಯ ಕೆಂಡ ಒಂದು ಹೊತ್ತಿ ಆರಿತು. ಕೂಗಿದರೆ ಕೇಳುವಷ್ಟೇ ದೂರ. ಅವನೂ ಕೂಗಲಿಲ್ಲ, ಆ ಕಡೆಯಿಂದಲೂ ಕೂಗು ಬರಲಿಲ್ಲ.

ಆಗ ಬಾಯಿಗೆ ಆ ಮಾತು ತಾನಾಗಿ ಬಂತು. ಎದೆ ಉಬ್ಬಿಸಲಿಲ್ಲ, ಮೀಸೆಗೆ ಕೈ ಹೋಗಲಿಲ್ಲ.

"ಇಂಥ ಗೆಲುವು ಇನ್ನೊಂದು ಬಂದುದಾದರೆ, ಗೆಳೆಯರೇ, ನಾವು ಉಳಿಯುವವರಲ್ಲ."

ಒಂದಕ್ಷರ ತಪ್ಪಲಿಲ್ಲ. ತಪ್ಪಿದ್ದರೂ ಎತ್ತಿಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.