ಐವತ್ತು ನಿಮಿಷದ ದಾರಿ

ಅಕ್ಕ, ತಂಗಿ ಇರುವ ಎರಡೂ ಊರಿನ ವಿಮಾನ ನಿಲ್ದಾಣಗಳು ಬಸ್ ಸ್ಟ್ಯಾಂಡಿಗಿಂತ ಚಿಕ್ಕವು. ನಡುವೆ ಮುನ್ನೂರು ಕಿಲೋಮೀಟರ್, ಹಾರಾಟ ಐವತ್ತು ನಿಮಿಷ. "ಕಾಫಿ ಆರೋದ್ರೊಳಗೆ ಬಂದಿರ್ತೀನಿ" ಎಂದು ತಂಗಿ ವರ್ಷಗಟ್ಟಲೆ ಅಕ್ಕನಿಗೆ ಹೇಳಿಕೊಂಡೇ ಬಂದಿದ್ದಳು. ಅಷ್ಟು ಹತ್ತಿರವಿದ್ದುದಕ್ಕೇ ಇರಬೇಕು, ಹೋಗಿದ್ದು ಮಾತ್ರ ಅಪರೂಪ.

ಈಗ ಅಕ್ಕನ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಮ್ಮ ಹೋದ ಮೇಲೆ ತಂಗಿಯನ್ನು ಗದರಿ, ರಮಿಸಿ, ಬೈದು ಬೆಳೆಸಿದ್ದು ಆ ಗಂಟಲೇ.

"ಆಪರೇಷನ್ ಹಿಂದಿನ ದಿನವೇ ಬಂದ್ಬಿಡಮ್ಮ. ನಿನ್ನ ಹತ್ರ ಕೂತು ಏನೋ ಹೇಳಬೇಕಂತೆ ಅವಳಿಗೆ" ಎಂದು ಭಾವ ಫೋನ್ ಮಾಡಿದರು.

ತಂಗಿಯದು ಹಲ್ಲಿನ ಸೆಟ್ಟು ತಯಾರಿಸುವ ಕೆಲಸ. ಎರಡು ಸೆಟ್ಟು ಬಾಕಿ ಉಳಿದಿದ್ದವು. "ಬೆಳಗಿನ ವಿಮಾನಕ್ಕೆ ಬಂದ್ರೂ ಆಪರೇಷನ್‌ಗೆ ಮೊದ್ಲು ಬೇಕಾದಷ್ಟು ಹೊತ್ತು ಸಿಗುತ್ತೆ ಭಾವ, ಸುಮ್ನೆ ಒಂದು ದಿನ ಯಾಕೆ ಹಾಳು ಮಾಡ್ಲಿ?" ಎಂದಳು. ಯಾರದೋ ಬೊಚ್ಚುಬಾಯಿಗೆ ಹಲ್ಲು ಕೂರಿಸಲು ಅಕ್ಕನ ಮಾತಿನ ಕೊನೆಯ ಸಂಜೆಯನ್ನು ಬಿಟ್ಟುಕೊಟ್ಟ ಬುದ್ಧಿವಂತೆ!

ಬೆಳಿಗ್ಗೆ ನಿಲ್ದಾಣದ ಮೇಲೆ ಮಂಜು ಕವಿದುಕೊಂಡು ಕೂತಿತ್ತು. ಕೌಂಟರಿನ ಹುಡುಗಿ ಕೇಳಿದಾಗಲೆಲ್ಲ "ಇನ್ನೇನು ಹೊರಡುತ್ತೆ ಮೇಡಂ" ಎನ್ನುತ್ತಿದ್ದಳು. ತಂಗಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇಕಾದಷ್ಟು ಎಂದುಕೊಂಡಿದ್ದ ಹೊತ್ತೆಲ್ಲ ಅಲ್ಲೇ ಕರಗಿಹೋಯಿತು. ಆಗ ಅಕ್ಕನ ಫೋನು ಬಂತು. ಧ್ವನಿ ಆಗಲೇ ಅರ್ಧ ಸೋತಿತ್ತು.

"ಒಳಗೆ ಕರ್ಕೊಂಡು ಹೋಗೋಕೆ ಬಂದಿದ್ದಾರೆ ಕಣೇ. ನಿನ್ನ ಮುಖ ನೋಡ್ಕೊಂಡು ಹೇಳೋಣ ಅಂತಿದ್ದೆ. ಹೋಗ್ಲಿ, ಈಗ್ಲೇ ಹೇಳ್ಬಿಡ್ತೀನಿ, ಕೇಳು..."

ಅಷ್ಟರಲ್ಲಿ ವಿಮಾನದ ಕಡೆಗಿನ ಬಾಗಿಲು ತೆರೆಯಿತು. ಜನ ಎದ್ದು ನುಗ್ಗಿದರು.

"ಅಕ್ಕ, ಬಾಗಿಲು ಬಿಟ್ರು. ಐವತ್ತೇ ನಿಮಿಷ, ಸ್ವಲ್ಪ ತಡೀರಿ ಅಂತ ಅವರಿಗೆ ಹೇಳು. ಅಲ್ಲೇ ಬಂದು ಕೇಳ್ತೀನಿ, ಇಡ್ತೀನಿ" ಎಂದು ಇಟ್ಟೇಬಿಟ್ಟಳು.

ಬೆಲ್ಟು ಕಟ್ಟಿ ಕುಳಿತ ಮೇಲೆ ವಿಮಾನ ಕದಲಲಿಲ್ಲ. ಮಂಜು ಮತ್ತೆ ಇಳಿದಿದೆಯಂತೆ. ಅಕ್ಕನಿಗೆ ಫೋನು ಮಾಡಿದಳು. ಎತ್ತಿದ್ದು ಭಾವ.

"ಈಗಷ್ಟೇ ಒಳಗೆ ಕರ್ಕೊಂಡು ಹೋದ್ರಮ್ಮ."

"ನನಗೆ ಏನಾದ್ರೂ ಹೇಳಿ ಅಂದ್ಲಾ?"

"ಇಲ್ಲ. ನೀನು ಮತ್ತೆ ಮಾಡ್ತೀಯೇನೋ ಅಂತ ಫೋನು ಹಿಡ್ಕೊಂಡೇ ಕೂತಿದ್ಲು."

ತಂಗಿ ಫೋನು ಇಟ್ಟಳು. ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಕೊನೆಗೂ ಮೇಲೆದ್ದ ವಿಮಾನ ಐವತ್ತೇ ನಿಮಿಷಕ್ಕೆ ಇಳಿಯಿತು. ಅದರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಮರುದಿನ ಅವಳನ್ನು ಒಳಗೆ ಬಿಟ್ಟರು. ಅಕ್ಕನ ಕುತ್ತಿಗೆಗೆ ಪಟ್ಟಿ, ನಡುವೆ ಒಂದು ನಳಿಕೆ. ಕೈಗೆಟಕುವಂತೆ ಒಂದು ಪುಟ್ಟ ಸ್ಲೇಟು.

"ನಿನ್ನೆ ಏನು ಹೇಳೋಕೆ ಹೊರಟಿದ್ದೆ ಅಕ್ಕ?"

ಅಕ್ಕ ಅವಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ಬರೆದಳು: ಮರೆತುಹೋಯ್ತು.

ಮೂರನೇ ತರಗತಿಯಲ್ಲಿ ತಂಗಿ ಕಳೆದುಕೊಂಡಿದ್ದ ಕೊಡೆಯನ್ನು ಇವತ್ತಿಗೂ ಎತ್ತಿ ಆಡುವ ಹೆಂಗಸು ಅಕ್ಕ. ಮರೆಯುವ ಪೈಕಿಯೇ ಅಲ್ಲ. ತಂಗಿ ನಂಬಿದವಳ ಹಾಗೆ ತಲೆಯಾಡಿಸಿದಳು.

"ಪರವಾಗಿಲ್ಲ ಬಿಡಕ್ಕ. ನೆನಪಾದಾಗ ನಿನ್ನ ಬಾಯಿಂದಲೇ ಹೇಳುವೆಯಂತೆ" ಎಂದಳು, ಎಂದಿನ ರೂಢಿಯಲ್ಲಿ.

ಅಂದ ಮೇಲೆ ತಾನು ಏನು ಅಂದೆ ಎಂದು ಹೊಳೆಯಿತು. ಮಂಚದ ಕಂಬಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅಕ್ಕ ಅವಳ ಬೆನ್ನು ಸವರುತ್ತಲೇ ಇದ್ದಳು. ಅಕ್ಕನ ತುಟಿ ಅಲುಗುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ.