ಯಾತ್ರಿಕರು ಸವೆಸಿದ ಮೆಟ್ಟಿಲು

ಮಾರ್ಮಿನ್‌ಸ್ಟರನ್ನು ಯಾರೂ ಪಟ್ಟಣ ಎನ್ನುವಂತಿಲ್ಲ. ಬಿಷಪ್ಪರ ಕೆಥೆಡ್ರಲ್ ಇದೆ, ಇಂಗ್ಲೆಂಡಿನಲ್ಲಿ ಅಷ್ಟಿದ್ದರೆ ಅದು ನಗರ. ಒಂಬತ್ತು ಸಾವಿರ ಜನ, ಒಂದೇ ಒಂದು ಟ್ರಾಫಿಕ್ ದೀಪ, ಬುಧವಾರ ಮಧ್ಯಾಹ್ನವಾದರೆ ಬಾಗಿಲು ಹಾಕಿಕೊಳ್ಳುವ ಅಂಗಡಿಗಳು, ಆದರೂ ನಗರ. ದಾರಿ ಕೇಳಲು ಕಾರು ನಿಲ್ಲಿಸಿದವನು ಬಾಯಿ ತಪ್ಪಿ ಪಟ್ಟಣ ಎಂದನೋ, ಮೊದಲು ಅವನನ್ನು ತಿದ್ದುತ್ತೇವೆ. ದಾರಿ ಹೇಳುವುದು ಆಮೇಲೆ, ಅದೂ ಮನಸ್ಸಿದ್ದರೆ.

ಈ ನಗರಕ್ಕೆ ಒಂದು ಗುಣವಿದೆಯಂತೆ. ಅದನ್ನು ಕಾಯಲು ಪರಂಪರೆ ರಕ್ಷಣಾ ಸಮಿತಿಯಿದೆ. ಸಮಿತಿ ಹೂಂ ಅಂದರೆ ನಗರಸಭೆ ಹೂಂ, ಊಹೂಂ ಅಂದರೆ ಊಹೂಂ. ಊರಿನ ಗುಣಕ್ಕೆ ಹೊಂದುವುದಿಲ್ಲವೆಂದು ಬೇಕರಿಯ ನೀಲಿ ಬಾಗಿಲಿಗೆ ಹಸಿರು ಬಳಿಸಿದವರು ಇವರೇ. ಕೆಥೆಡ್ರಲ್ ಎದುರಿನ ಬೆಂಚನ್ನು ಕೀಳಿಸಿದವರೂ ಇವರೇ. ಅದರ ಮೇಲೆ ಜನ ಕೂರುತ್ತಿದ್ದರು, ಅದು ತಪ್ಪಾಯಿತು. ಈ ವರ್ಷ ಊರಿನ ಗುಣಕ್ಕೆ ಹೊಂದದೆ ಹೋದದ್ದು ನಮ್ಮಮ್ಮ.

ಅಮ್ಮನ ಹೆಸರು ಬೆರಿಲ್, ವಯಸ್ಸು ಎಪ್ಪತ್ತೊಂಬತ್ತು. ಅವಳ ಮನೆ ಇರುವುದು ಕೆಥೆಡ್ರಲ್ ಗೋಡೆಯ ಬಗಲಿಗೇ, ಬಾಗಿಲಿಗೆ ಮೂರು ಕಲ್ಲಿನ ಮೆಟ್ಟಿಲು. ನಡುವಿನ ಮೆಟ್ಟಿಲು ಸವೆದು ಸವೆದು ಮಧ್ಯದಲ್ಲಿ ತಟ್ಟೆಯ ಹಾಗೆ ಗುಳಿ ಬಿದ್ದಿದೆ. ನಾನೂರು ವರ್ಷ ಯಾತ್ರಿಕರ ಬರಿಗಾಲು ಸವೆಸಿದ ಗುಳಿ ಅದು ಎಂದು ಸಮಿತಿಯ ಕೈಪಿಡಿಯಲ್ಲಿ ಅಚ್ಚಾಗಿದೆ, ಫೋಟೋ ಸಮೇತ. ಮೇ ತಿಂಗಳಲ್ಲಿ ಹಾಲಿನ ಬಾಟಲಿ ತೆಗೆದುಕೊಳ್ಳಲು ಇಳಿದ ಅಮ್ಮ ಕಾಲು ಜಾರಿದ್ದು ಆ ಗುಳಿಯಲ್ಲೇ. ಸೊಂಟದ ಮೂಳೆ ಎರಡು ಕಡೆ ಮುರಿಯಿತು.

ಅಮ್ಮನಿಗೆ ಹೆಚ್ಚೂಕಡಿಮೆ ಗುಣವಾಯಿತು, ಊರಿನ ಗುಣ ಮಾತ್ರ ಹಾಗೇ ಇತ್ತು. ಇನ್ನು ಅವಳಿಗೆ ಗಾಲಿಕುರ್ಚಿಯೇ ಗತಿ, ಬಾಗಿಲಿಗೆ ಇಳಿಜಾರು ಹಾಕಿಸದೆ ಮನೆಗೆ ಕಳಿಸುವುದಿಲ್ಲ ಎಂದು ಆಸ್ಪತ್ರೆಯವರು ಅವಳನ್ನು ಊರಾಚೆಯ ವೃದ್ಧಾಶ್ರಮಕ್ಕೆ ಸೇರಿಸಿದರು. ಸೆಪ್ಟೆಂಬರ್ ಕೊನೆಯವರೆಗೆ ಅವಳು ಅಲ್ಲಿ ಅತಿಥಿ, ಅದು ದಾಟಿದರೆ ಕಾಯಂ. ಅಲ್ಲಿ ಐದಕ್ಕೆ ಊಟ, ಏಳಕ್ಕೆ ಹಾಸಿಗೆ. ಜುಲೈ ಹೊತ್ತಿಗೆ ಅಮ್ಮ ಹಲ್ಲಿನ ಸೆಟ್ಟು ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು.

"ಯಾಕಮ್ಮಾ?" ಎಂದರೆ, "ಇಲ್ಲಿ ಯಾರನ್ನ ಬೈಯೋಕಿದೆ ಜೋಸಿ? ಎಲ್ಲರೂ ಒಳ್ಳೆಯವರು" ಎಂದಳು.

ನನಗೆ ಹೆದರಿಕೆ ಹುಟ್ಟಿದ್ದು ಆಗ. ಮೆಟ್ಟಿಲ ಮೇಲೆ ಮರದ ಇಳಿಜಾರು ಹಾಕಿಸಲು ಅನುಮತಿ ಕೇಳಿ ಸಮಿತಿಗೆ ಅರ್ಜಿ ಹಾಕಿದೆ.

ಸಮಿತಿ ಸೇರುವುದು ಕೆಥೆಡ್ರಲ್ಲಿನ ಹಳೆಯ ಸಭಾಗೃಹದಲ್ಲಿ. ಅಧ್ಯಕ್ಷೆ ಮಿಸೆಸ್ ಪ್ರುಡೆನ್ಸ್ ಆರ್ಕ್‌ರೈಟ್. ಲಂಡನ್ನಿನಿಂದ ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿದೆ, ಊರು ಹೇಗಿರಬೇಕೆಂದು ಹುಟ್ಟಿದವರಿಗಿಂತ ಚೆನ್ನಾಗಿ ಬಲ್ಲರು. ಪಕ್ಕದಲ್ಲಿ ಪಾದ್ರಿ ಕ್ಯಾನನ್ ಫಾನ್‌ಶಾ. ಕೇಕಿನ ತುಂಡು ಕೈಯಲ್ಲಿರುವತನಕ ಎಲ್ಲರ ಮಾತಿಗೂ ತಲೆಯಾಡಿಸುವ ಸಾಧು ಮನುಷ್ಯ.

"ನಿಮ್ಮ ತಾಯಿ ಹೇಗಿದ್ದಾರೆ ಜೋಸಿ? ಪಾಪ, ಎಂಥಾ ಗಟ್ಟಿ ಜೀವ" ಎಂದರು ಮಿಸೆಸ್ ಆರ್ಕ್‌ರೈಟ್. ನಮ್ಮಲ್ಲಿ ಇಲ್ಲ ಎನ್ನುವ ಮೊದಲು ಹೀಗೆ ಕ್ಷೇಮ ವಿಚಾರಿಸುತ್ತಾರೆ. "ಆದ್ರೆ ನೋಡಿ, ಯಾತ್ರಿಕರ ಮೆಟ್ಟಿಲನ್ನ ಹಲಗೆ ಹಾಕಿ ಮುಚ್ಚೋದು ಅಂದ್ರೆ..."

"ಮೆಟ್ಟಿಲು ಎಲ್ಲೂ ಹೋಗಲ್ಲ ಮಿಸೆಸ್ ಆರ್ಕ್‌ರೈಟ್, ಹಲಗೆ ಕೆಳಗೇ ಇರತ್ತೆ."

"ಇರತ್ತೆ, ಆದ್ರೆ ಕಾಣಲ್ಲ."

"ನಮ್ಮಮ್ಮನೂ ಈಗ ಕಾಣ್ತಿಲ್ಲವಲ್ಲ."

ಕ್ಯಾನನ್ ಕೆಮ್ಮಿದರು. ಮಿಸೆಸ್ ಆರ್ಕ್‌ರೈಟ್ ನಕ್ಕರು. ಅವರ ನಗೆಯೂ ಸಂರಕ್ಷಿತ ಕಟ್ಟಡದ ಹಾಗೆ, ಏನೇ ಆದರೂ ಅಲುಗುವುದಿಲ್ಲ. "ನಮಗೊಂದು ಯೋಚನೆ ಬಂದಿದೆ. ಬೆರಿಲ್ ಅಲ್ಲೇ ಹಾಯಾಗಿ ಇರೋದಾದ್ರೆ, ಆ ಮನೆಯನ್ನ ಯಾತ್ರಿಕರ ಮ್ಯೂಸಿಯಂ ಮಾಡಬಹುದಲ್ಲ? ಅವರ ಹೆಸರನ್ನೇ ಇಡೋಣ."

"ಅವಳಿನ್ನೂ ಸತ್ತಿಲ್ಲ."

"ಅಯ್ಯೋ, ಅವಸರ ಏನೂ ಇಲ್ಲಮ್ಮಾ" ಎಂದರು ಕ್ಯಾನನ್, ಸಮಾಧಾನ ಮಾಡುವವರಂತೆ.

ಅರ್ಜಿ ತಿರಸ್ಕೃತವಾಯಿತು. ನಾನು ಅದನ್ನು ಅಮ್ಮನಿಗೆ ಹೇಳಿದ ದಿನ ವಿಲ್ಫ್ ಸ್ಟಬಿಂಗ್ಸ್ ಅವಳನ್ನು ನೋಡಲು ಬಂದಿದ್ದ. ಕೆಥೆಡ್ರಲ್ಲಿನಲ್ಲಿ ಐವತ್ತು ವರ್ಷ ಕಲ್ಲುಕುಟಿಗನಾಗಿದ್ದವನು, ಈಗ ಎಂಬತ್ತನಾಲ್ಕು. ಸಮಿತಿಯ ಪತ್ರವನ್ನು ಮೂಗಿಗೆ ಹಿಡಿದು ಓದಿ, "ಯಾವ ಮೆಟ್ಟಿಲು? ನಿಮ್ಮ ಬಾಗಿಲಿಂದಾ?" ಎಂದ.

"ಇನ್ಯಾವುದು?"

"ಅದನ್ನ ಇಟ್ಟೋನು ನಾನು ಕಣೇ ಹುಡುಗಿ! ಅರವತ್ತೆಂಟನೇ ಇಸವೀಲಿ. ನಿಮ್ಮಪ್ಪನ ಮದುವೆಗೂ ಮುಂಚೆ. ಬಸ್ ಸ್ಟ್ಯಾಂಡ್ ಹಿಂದಿದ್ದ ಕಕ್ಕಸು ಕೆಡವಿದ್ರಲ್ಲ, ಅದರ ಮೂರು ಮೆಟ್ಟಿಲು ಸುಮ್ನೆ ಬಿದ್ದಿದ್ವು. ಒಂದು ಪೈಂಟ್ ಬಿಯರ್ ಕೊಡಿಸ್ತೀನಿ ಅಂದ ನಿಮ್ಮಜ್ಜ, ತಂದು ಕೂರಿಸ್ದೆ."

"ಮತ್ತೆ ಆ ಗುಳಿ?"

"ಬಸ್ಸಿಳಿದು ತಡಕೊಳ್ಳೋಕಾಗದೆ ಓಡ್ತಿದ್ದರಲ್ಲ, ಆ ಯಾತ್ರಿಕರದ್ದು!"

ಅಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. ನಕ್ಕು ನಕ್ಕು ಸೊಂಟ ಹಿಡಿದುಕೊಂಡಳು. ಆಮೇಲೆ, "ಜೋಸಿ, ಆ ಲೋಟದಲ್ಲಿರೋ ಹಲ್ಲು ಕೊಡು. ಪ್ರುಡೆನ್ಸ್ ಮುಖ ಹೆಂಗಾಯ್ತು ಅಂತ ನೀನು ಬಂದು ಹೇಳುವಾಗ ಸರಿಯಾಗಿ ನಗಬೇಕು" ಎಂದಳು.

ಸೆಪ್ಟೆಂಬರ್ ಸಭೆಗೆ ವಿಲ್ಫ್‌ನನ್ನೇ ಕರೆದೊಯ್ದೆ. ಅವನು ಭಾನುವಾರದ ಕೋಟು ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು, ಕಕ್ಕಸಿನ ಕತೆಯನ್ನು ಒಂದಕ್ಷರ ಬಿಡದೆ ಹೇಳಿದ. ಮುಗಿಸಿದಾಗ ಕ್ಯಾನನ್ ಕೇಕಿನ ತುಂಡನ್ನು ತಟ್ಟೆಗಿಟ್ಟರು. ಗೆದ್ದೆ ಎಂದುಕೊಂಡೆ. ನಾಲ್ಕು ದಿನದಲ್ಲಿ ಅಮ್ಮ ಮನೆಯಲ್ಲಿ.

ಮಿಸೆಸ್ ಆರ್ಕ್‌ರೈಟ್ ನಿಧಾನವಾಗಿ ಕನ್ನಡಕ ತೆಗೆದರು. "ಮಿಸ್ಟರ್ ಸ್ಟಬಿಂಗ್ಸ್, ಆ ಶೌಚಾಲಯ ಯಾವ ಕಾಲದ್ದು?"

"ವಿಕ್ಟೋರಿಯಾ ರಾಣಿ ಕಾಲದ್ದು ತಾಯಿ. ಬಾಗಿಲ ಮೇಲೆ ಇಸವಿ ಕೆತ್ತಿತ್ತು, ಸಾವಿರದೆಂಟುನೂರ ಎಂಬತ್ತೇಳು."

"ರಾಣಿಯ ಸ್ವರ್ಣ ಮಹೋತ್ಸವದ ವರ್ಷ!" ಅವರ ಕಣ್ಣಲ್ಲಿ ನೀರಾಡಿತು. "ಇಡೀ ಜಿಲ್ಲೆಯಲ್ಲಿ ಆ ಕಾಲದ ಸಾರ್ವಜನಿಕ ಶೌಚಾಲಯ ಒಂದೂ ಉಳಿದಿಲ್ಲ. ಅಂದ್ರೆ ಇದೊಂದೇ ಅವಶೇಷ. ಸಾಮಾನ್ಯ ಜನರ ಇತಿಹಾಸ, ಕ್ಯಾನನ್!"

"ಮನ ಕಲಕುವಂಥದ್ದು" ಎಂದರು ಕ್ಯಾನನ್.

"ಹಾಗಾದ್ರೆ ಇನ್ನೂ ಜೋಪಾನ ಮಾಡಬೇಕು. ಹಲಗೆ ಹಾಕೋ ಪ್ರಶ್ನೆಯೇ ಇಲ್ಲ."

ವಿಲ್ಫ್ ನನ್ನ ಕಡೆ ನೋಡಿದ. ನನಗೆ ಅಳಬೇಕೋ ಟೀ ಎರಚಬೇಕೋ ತಿಳಿಯಲಿಲ್ಲ. ಯಾತ್ರಿಕರು ಹೋಗಿ ಮೂತ್ರಿ ಬಂತು, ಅಮ್ಮ ಅಲ್ಲೇ ಉಳಿದಳು. ಈ ಜನಕ್ಕೆ ಸುಳ್ಳನ್ನು ಸುಳ್ಳೆಂದು ತೋರಿಸಿ ಪ್ರಯೋಜನವಿಲ್ಲ. ಅದಕ್ಕೂ ವಯಸ್ಸಾಗಿದ್ದರೆ ಸಾಕು, ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಹಾಗಾದರೆ ಇವರ ಭಾಷೆಯಲ್ಲೇ ಮಾತಾಡಬೇಕು ಅನಿಸಿತು.

"ಮಿಸೆಸ್ ಆರ್ಕ್‌ರೈಟ್," ಎಂದೆ, ಆದಷ್ಟು ನೊಂದ ದನಿಯಲ್ಲಿ, "ಅಂಥಾ ಅಪರೂಪದ ವಸ್ತು ಕಂಡವರ ಮನೆ ಬಾಗಿಲಲ್ಲಿ ಬಿದ್ದಿರೋದು ಸರೀನಾ? ಅದರ ಮೂಲಸ್ಥಾನ ಬಸ್ ಸ್ಟ್ಯಾಂಡ್ ಹಿಂದೆ ತಾನೆ?"

ಮೂಲಸ್ಥಾನ ಎಂಬ ಮಾತು ಸಭೆಯಲ್ಲಿ ಒಂದು ಸುತ್ತು ಓಡಾಡಿತು. ಯಾರೋ ಅದನ್ನು ಬರೆದುಕೊಂಡರು.

"ಕಿತ್ತು ತಂದಿದ್ದು ನಮ್ಮಜ್ಜ. ನಮ್ಮ ಮನೆತನದ ತಪ್ಪು. ನಮಗೆ ನಾಚಿಕೆ ಆಗತ್ತೆ."

"ನನಗೂ" ಎಂದ ವಿಲ್ಫ್. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಆ ಬಿಯರ್ ಅವತ್ತಿಂದ ಅರಗಿಲ್ಲ ತಾಯಿ."

ಠರಾವು ಸರ್ವಾನುಮತದಿಂದ ಪಾಸಾಯಿತು. ಮುಂದಿನ ಮಂಗಳವಾರ ನಾಲ್ಕು ಜನ ಬಂದು ಮೂರೂ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ, ಆಸ್ಪತ್ರೆಯವರು ಅಮ್ಮನನ್ನು ಎತ್ತಿದ್ದಕ್ಕಿಂತ ನಾಜೂಕಾಗಿ ಎತ್ತಿಕೊಂಡು ಹೋದರು. ಬಸ್ ಸ್ಟ್ಯಾಂಡ್ ಹಿಂದೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಅವು ಈಗ ಬೇಲಿಯೊಳಗಿವೆ. ಹತ್ತಿದರೆ ಎಲ್ಲಿಗೂ ಹೋಗುವುದಿಲ್ಲ. ಬಿಷಪ್ಪರೇ ಬಂದು ಪರದೆ ಸರಿಸಿದರು. ಅಂದಹಾಗೆ, ಬಸ್ಸಿಳಿದವರಿಗೆ ಊರಿನಲ್ಲಿ ಶೌಚಾಲಯ ಇವತ್ತಿಗೂ ಇಲ್ಲ.

ಅಮ್ಮನ ಬಾಗಿಲ ಮುಂದೆ ಮೆಟ್ಟಿಲೇ ಇಲ್ಲದಂತಾಯಿತಲ್ಲ, ಆ ತೆರವಿಗೆ ಏನಾದರೂ ತಾತ್ಕಾಲಿಕ ಏರ್ಪಾಡು ಬೇಕೆಂದು ಬರೆದುಕೊಟ್ಟೆ. ತಾತ್ಕಾಲಿಕ ಎಂಬ ಪದಕ್ಕೆ ಸಮಿತಿಯ ಆಕ್ಷೇಪ ಇರುವುದಿಲ್ಲ. ಊರ ಸೇತುವೆಯ ತಾತ್ಕಾಲಿಕ ಕಟಕಟೆಗೆ ಈಗ ಅರವತ್ತು ತುಂಬಿದೆ. ವಿಲ್ಫ್ ಮತ್ತು ಅವನ ಮಗ ಎರಡು ದಿನದಲ್ಲಿ ಗೋಡೆಗುಂಟ ಓಕ್ ಮರದ ಇಳಿಜಾರು ಹಾಕಿದರು. ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ, ಗಡುವಿಗೆ ಒಂದು ದಿನ ಮೊದಲು, ಅಮ್ಮ ಮನೆಗೆ ಬಂದಳು. ಬಾಗಿಲವರೆಗೆ ತಳ್ಳಿಕೊಂಡು ಹೋದೆ. ಅವಳು ಚೌಕಟ್ಟನ್ನು ಹಿಡಿದು ನಿಲ್ಲಿಸಿದಳು.

"ಒಳಗೆ ಹೋಗೋಕೆ ಏನವಸರ? ನಾಲ್ಕು ತಿಂಗಳು ಒಳಗೇ ಇದ್ದೆನಲ್ಲ. ತಿರುಗಿಸು."

ತಿರುಗಿಸಿದೆ. ಅವಳು ಬೀದಿಯ ಕಡೆ ಮುಖ ಮಾಡಿ ಕೂತಳು. ಅಷ್ಟರಲ್ಲಿ ಮಿಸೆಸ್ ಆರ್ಕ್‌ರೈಟ್ ಕ್ಯಾಮೆರಾ ಹಿಡಿದು ಬಂದರು. ಕೈಪಿಡಿಗೆ ಕಲ್ಲುಗಳು ಮೊದಲಿದ್ದ ಜಾಗದ ಹೊಸ ಫೋಟೋ ಬೇಕಿತ್ತು.

"ಬಂದಿರಾ ಬೆರಿಲ್, ಎಷ್ಟು ಸಂತೋಷ! ನೋಡಿ, ತಪ್ಪು ತಿಳೀಬೇಡಿ, ಪ್ರವಾಸಿಗರು ಬರೋ ಹೊತ್ತಲ್ಲಿ ಈ ಕುರ್ಚಿ ಸ್ವಲ್ಪ ಒಳಗಿದ್ರೆ... ಅಲ್ಯೂಮಿನಿಯಂ ನೋಡಿ, ಊರಿನ ಗುಣಕ್ಕೆ..."

"ಪ್ರುಡೆನ್ಸ್," ಎಂದಳು ಅಮ್ಮ, ಎಲ್ಲ ಹಲ್ಲನ್ನೂ ತೋರಿಸಿ, "ನನಗೀಗ ಎಪ್ಪತ್ತೊಂಬತ್ತು. ಇನ್ನೊಂದು ಇಪ್ಪತ್ತೊಂದು ವರ್ಷ ತಡೀರಿ. ಇವಳನ್ನ ಇಲ್ಲಿಂದ ಅಲ್ಲಾಡಿಸಕೂಡದು ಅಂತ ನೀವೇ ಅರ್ಜಿ ಹಾಕ್ತೀರ. ಈಗ ದಾರಿ ಬಿಡಿ."

ಮಿಸೆಸ್ ಆರ್ಕ್‌ರೈಟ್ ದಾರಿ ಬಿಡುವುದರೊಳಗೆ ಅಮ್ಮ ಬ್ರೇಕ್ ಬಿಟ್ಟಾಗಿತ್ತು.